ಮೂವತ್ತು ದಾಟಿದ ಮಿಯಾಟಾಗೆ ಹೊಸ ಶಾಕ್ ಆರಿಸುವುದು ಹೇಗೆ?

ನನ್ನ ಗ್ಯಾರೇಜಿನಲ್ಲಿ 1994ರ ಕೆಂಪು ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟು, ಮಡಚುವ ಟಾಪು, ತೂಕ ಒಂದು ಟನ್ ಆಸುಪಾಸು. ಕೊಂಡಾಗ ಮೀಟರ್ 1,18,000 ಮೈಲಿ ತೋರಿಸುತ್ತಿತ್ತು. ಶಾಕ್‌ಗಳು, ಅಂದರೆ ಶಾಕ್ ಅಬ್ಸಾರ್ಬರ್‌ಗಳು ಮಾತ್ರ ಕಾರಿನ ಜೊತೆಯಲ್ಲೇ ಹುಟ್ಟಿದವು. ಒಹಾಯೋದಲ್ಲಿ ಮಾರ್ಚ್ ಬಂದರೆ ಹಿಮ ಕರಗಿ ರಸ್ತೆ ತುಂಬ ಗುಂಡಿ. ಪ್ರತಿ ಗುಂಡಿ ದಾಟಿದ ಮೇಲೂ ಕಾರು ಎರಡು ಮೂರು ಸಲ ತಲೆಯಾಡಿಸಿ, ಆಮೇಲೆ ಸುಮ್ಮನಾಗುತ್ತಿತ್ತು.

ಸ್ಪೋರ್ಟ್ಸ್ ಕಾರ್ ಅಂದ ಮೇಲೆ ಗಟ್ಟಿ ಇರಬೇಕು ಅಲ್ವಾ ಅಂದುಕೊಂಡು, ಸಿಕ್ಕಿದ್ದರಲ್ಲೇ ಗಟ್ಟಿಯಾದ ಕಾಯಿಲೋವರ್ ಸೆಟ್, ಅಂದರೆ ಸ್ಪ್ರಿಂಗೂ ಶಾಕೂ ಜೋಡಿಸಿಯೇ ಬರುವುದು, ತರಿಸಿ ಹಾಕಿಬಿಟ್ಟೆ. ಮೊದಲ ದಿನ ನನ್ನ ಹೆಂಡತಿ ಪಕ್ಕದಲ್ಲಿ ಕೂತು ಎರಡು ಮೈಲಿ ಬಂದಳು. "ರೀ, ಇದಕ್ಕಿಂತ ನಮ್ಮೂರ ಎತ್ತಿನ ಗಾಡಿ ವಾಸಿ" ಅಂದಳು. ಮತ್ತೆ ಕೂರಲಿಲ್ಲ. ಎಂಟು ತಿಂಗಳು ಸೊಂಟ ನೋವಿಸಿಕೊಂಡು, ಕೊನೆಗೆ ಅರ್ಧ ಬೆಲೆಗೆ ಮಾರಿದೆ.

ಎರಡನೇ ಸಲ ಸ್ವಲ್ಪ ಓದಿ, ನಾಲ್ಕು ಜನರನ್ನು ಕೇಳಿ, ಕಾರಿನ ಕೆಳಗೆ ಮಲಗಿ ನೋಡಿ ಆರಿಸಿದೆ. ಮಾಜ್ದಾ ಈ ಕಾರನ್ನು ಭಾರತದಲ್ಲಿ ಮಾರಲೇ ಇಲ್ಲ. ಹಾಗಾಗಿ ಇದು ಮುಖ್ಯವಾಗಿ ಹೊರದೇಶಗಳಲ್ಲಿ ಹಳೆಯ ಮಿಯಾಟಾ ಇಟ್ಟುಕೊಂಡಿರುವ ಕನ್ನಡದವರಿಗೆ. ಕಾರು ಬೇರೆ ಇದ್ದರೂ ಯೋಚನೆಯ ದಾರಿ ಇದೇ. ಆದರೆ ಒಂದು ಎಚ್ಚರ. ಮಿಯಾಟಾದ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಇದೆ, ಅಂದರೆ ಚಕ್ರವನ್ನು ಹಿಡಿಯಲು ಮೇಲೊಂದು ಕೆಳಗೊಂದು ಆರ್ಮ್, ಶಾಕ್ ಸ್ಪ್ರಿಂಗಿನ ನಡುವೆ ಕೂರುತ್ತದೆ. ಪೋರ್ಷೆ 944ರ ಮುಂದುಗಡೆ ಹಾಗಲ್ಲ. ಅಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕೆಲಸವೂ ಅದರದೇ. ಬಿಚ್ಚುವ ಕ್ರಮ, ಬಿಡಿಭಾಗ ಎಲ್ಲ ಬೇರೆ.

ಹೆಜ್ಜೆ 1: ತಪ್ಪು ಶಾಕ್‌ನದ್ದೇನಾ?

ಆರ್ಡರ್ ಮಾಡುವ ಮುಂಚೆ ಒಂದು ಗಂಟೆ ಬೇರೆ ಕಡೆ ನೋಡಿ.

ಮೊದಲು ಟೈರಿನ ಗಾಳಿ. ಮೊದಲ ತಲೆಮಾರಿನ ಮಿಯಾಟಾದ ಬಾಗಿಲ ಬಳಿಯ ಸ್ಟಿಕ್ಕರ್ ಓದಿ: 26 ಪಿಎಸ್‌ಐ. ಕಾರು ಹಗುರ, ಅದಕ್ಕೇ ಅಷ್ಟು ಕಮ್ಮಿ. ಟೈರ್ ಅಂಗಡಿಯವರು ಎಲ್ಲ ಕಾರಿಗೂ ತುಂಬುವ ಹಾಗೆ ಇದಕ್ಕೂ 35 ತುಂಬಿಸಿ ಕಳಿಸುತ್ತಾರೆ. ನನಗೂ ಹಾಗೇ ಆಗಿತ್ತು. ಗಾಳಿ ಇಳಿಸಿದ ದಿನವೇ ಕಾರಿನ ಕಾಲು ಭಾಗ ಒರಟುತನ ಹೋಯಿತು, ಪುಕ್ಕಟೆಯಾಗಿ.

ಆಮೇಲೆ ಟೈರಿನ ವಯಸ್ಸು. ಪಕ್ಕದಲ್ಲಿರುವ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ನೋಡಿ. 2314 ಅಂತಿದ್ದರೆ 2014ರ 23ನೇ ವಾರ ಮಾಡಿದ್ದು. ಇಂಥ ಕಾರುಗಳು ವರ್ಷಕ್ಕೆ ಎರಡು ಮೂರು ಸಾವಿರ ಮೈಲಿ ಓಡುತ್ತವೆ. ಹಾಗಾಗಿ ಟೈರಿನ ಹಲ್ಲು ಸವೆಯುವುದೇ ಇಲ್ಲ, ರಬ್ಬರ್ ಮಾತ್ರ ಒಣಗಿ ಕಲ್ಲಾಗಿರುತ್ತದೆ. ಕಲ್ಲಾದ ಟೈರಿಗೆ ಎಷ್ಟು ಒಳ್ಳೆಯ ಶಾಕ್ ಹಾಕಿದರೂ ದಂಡ.

ಮೂರನೆಯದು ರಬ್ಬರ್ ಬುಷ್‌ಗಳು. ಆರ್ಮ್‌ಗಳ ತುದಿಯ ಬುಷ್ ಬಿರುಕು ಬಿಟ್ಟಿದೆಯಾ, ತಿರುವಿನಲ್ಲಿ ಕಾರು ವಾಲುವುದನ್ನು ಕಮ್ಮಿ ಮಾಡುವ ಆ್ಯಂಟಿ-ರೋಲ್ ಬಾರಿನ ಲಿಂಕ್ ಸಡಿಲವಾಗಿದೆಯಾ ನೋಡಿ. ಗುಂಡಿಯಲ್ಲಿ "ಟಕ್" ಅಂತ ಬರುವ ಸದ್ದು ಎಷ್ಟೋ ಸಲ ಶಾಕ್‌ನದ್ದಲ್ಲ, ಈ ಲಿಂಕಿನದು.

ಇನ್ನು ಶಾಕ್. ಕಾರಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಪೂರ್ತಿ ಸತ್ತ ಶಾಕನ್ನು ಅದು ತೋರಿಸುತ್ತದೆ ಅಷ್ಟೇ. ಸುಸ್ತಾದ ಶಾಕ್ ಆರಾಮಾಗಿ ಪಾಸಾಗಿಬಿಡುತ್ತದೆ. ಕೈಯಿಂದ ಒತ್ತುವ ವೇಗ ಎಲ್ಲಿ, 55 ಮೈಲಿ ವೇಗದಲ್ಲಿ ಗುಂಡಿ ಕೊಡುವ ಪೆಟ್ಟು ಎಲ್ಲಿ! ನಾನು ನಂಬುವುದು ಬೇರೆ ಮೂರು ಗುರುತುಗಳನ್ನು:

- ಶಾಕ್‌ನ ಮೈಮೇಲೆ ಎಣ್ಣೆ. ತೆಳ್ಳಗೆ ಮಂಜು ಹಿಡಿದ ಹಾಗೆ ಇದ್ದರೆ ಚಿಂತೆ ಬೇಡ. ಕೆಳಗೆ ಹರಿದು ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ.
- ಟೈರಿನ ಮೇಲೆ ಅಂಗೈ ಸವರಿ. ಅಲೆ ಅಲೆಯಾಗಿ ಉಬ್ಬು ತಗ್ಗು ಸಿಕ್ಕಿದರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ ಎಂಬ ಅನುಮಾನ ಪಡಬಹುದು.
- ಸೇತುವೆಯ ಜಾಯಿಂಟ್ ದಾಟಿದ ಮೇಲೆ ಕಾರು ಒಂದೇ ಸಲಕ್ಕೆ ನಿಲ್ಲುತ್ತದಾ, ಮತ್ತೆ ಮತ್ತೆ ತೂಗುತ್ತದಾ? ರಾತ್ರಿ ಹೊತ್ತು ನೋಡಿದರೆ ಇನ್ನೂ ಸುಲಭ. ಹೆಡ್‌ಲೈಟಿನ ಬೆಳಕು ರಸ್ತೆ ಮೇಲೆ ಹೌದು ಹೌದು ಅಂತ ತಲೆಯಾಡಿಸುತ್ತದೆ.

ಶಾಕ್ ತಯಾರಕರು ಸಾಮಾನ್ಯವಾಗಿ 50,000 ಮೈಲಿ, ಅಂದರೆ ಸುಮಾರು 80,000 ಕಿಲೋಮೀಟರಿಗೆ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನನ್ನವು ಅದರ ಎರಡು ಪಟ್ಟು ದಾಟಿದ್ದವು. ಶಾಕ್ ಒಂದೇ ದಿನ ಸಾಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಸೋಲುತ್ತದೆ, ನಾವೂ ದಿನಾ ಸ್ವಲ್ಪ ಸ್ವಲ್ಪ ಒಗ್ಗಿಕೊಳ್ಳುತ್ತೇವೆ. ಅದಕ್ಕೇ ಬೇರೆಯವರ ಒಳ್ಳೆಯ ಮಿಯಾಟಾದಲ್ಲಿ ಒಮ್ಮೆ ಕೂತು ಬನ್ನಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹೆಜ್ಜೆ 2: ಈಗ ಕಾರಿನ ಕೆಳಗೆ ಏನಿದೆ?

ಮೂವತ್ತು ವರ್ಷದಲ್ಲಿ ನಾಲ್ಕೈದು ಕೈ ಬದಲಾಗಿರುವ ಕಾರು. ಹಿಂದಿನವರು ಏನೇನು ಮಾಡಿದ್ದಾರೋ. ಮೊದಲ ತಲೆಮಾರು, ಅಂದರೆ ಎನ್‌ಎ, 1989ರಿಂದ 1997ರವರೆಗೆ ಬಂತು. ಕಣ್ಣು ತೆರೆಯುವ ಹಾಗೆ ಮೇಲೇಳುವ ಹೆಡ್‌ಲೈಟ್ ಇದ್ದದ್ದು ಇದಕ್ಕೇ. ಆಮೇಲೆ 2005ರವರೆಗೆ ಬಂದದ್ದು ಎನ್‌ಬಿ. 1994ರಿಂದ ಅಮೆರಿಕದಲ್ಲಿ ಆರ್ ಪ್ಯಾಕೇಜ್ ಅಂತ ಒಂದಿತ್ತು. ಅದಕ್ಕೆ ಕಂಪನಿಯಿಂದಲೇ ಜರ್ಮನಿಯ ಬಿಲ್‌ಸ್ಟೈನ್ ಶಾಕ್ ಬರುತ್ತಿತ್ತು. ನಿಮ್ಮದು ಅದೇ ಆಗಿದ್ದು ಶಾಕ್ ಇನ್ನೂ ಇದ್ದರೆ, ಬಿಸಾಡಬೇಡಿ. ಬಿಲ್‌ಸ್ಟೈನನ್ನು ಬಿಚ್ಚಿ ರಿಪೇರಿ ಮಾಡಿಕೊಡುವವರು ಇದ್ದಾರೆ.

ಹಳದಿ ಬಣ್ಣ ಕಂಡ ಕೂಡಲೇ ಖುಷಿಪಡಬೇಡಿ. ಅಂಗಡಿಯಲ್ಲಿ ಸಿಗುವ ಬಿಲ್‌ಸ್ಟೈನ್ ಬಿ6 ಹಳದಿ, ಕೋನಿ ಸ್ಪೋರ್ಟೂ ಹಳದಿ. ಎರಡರ ಸ್ವಭಾವ ಬೇರೆ ಬೇರೆ. ಮೈಮೇಲಿನ ಸ್ಟಿಕ್ಕರ್, ಪಾರ್ಟ್ ನಂಬರ್ ಒರೆಸಿ ಓದಿ, ಫೋನಿನಲ್ಲಿ ಫೋಟೋ ತೆಗೆದಿಡಿ.

ಅದಕ್ಕಿಂತ ಮುಖ್ಯ ಸ್ಪ್ರಿಂಗ್. ಕಂಪನಿಯದ್ದಾ, ತಗ್ಗಿಸಲು ಹಾಕಿದ್ದಾ? ಕಾರು ಸಮ ನೆಲದಲ್ಲಿ ನಿಂತಿರುವಾಗ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನಾಲ್ಕೂ ಮೂಲೆ ಬರೆದುಕೊಳ್ಳಿ. ಟೈರಿನ ಸೈಜ್ ಬೇರೆ ಇದ್ದರೂ ಈ ಅಳತೆ ಬದಲಾಗುವುದಿಲ್ಲ. ಒಂದು ಮೂಲೆ ಮಾತ್ರ ಕುಸಿದಿದ್ದರೆ ಸ್ಪ್ರಿಂಗ್ ಮುರಿದಿರಬಹುದು. ಉಪ್ಪು ಹಾಕುವ ಊರುಗಳಲ್ಲಿ ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕು ಹಿಡಿದು ತುಂಡಾಗುವುದು ಮಾಮೂಲು.

ಹೆಜ್ಜೆ 3: ಶಾಕ್ ಮಾಡುವ ಕೆಲಸ ಏನು?

ಇದು ಗೊತ್ತಿದ್ದರೆ ಜಾಹೀರಾತಿಗೆ ಮೋಸ ಹೋಗುವುದಿಲ್ಲ.

ಹೆಸರೇ ಸ್ವಲ್ಪ ತಪ್ಪು. ಪೆಟ್ಟು ತಿನ್ನುವುದು ಸ್ಪ್ರಿಂಗ್. ಪೆಟ್ಟು ತಿಂದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಹಿಡಿಯುವುದು ಶಾಕ್. ಬ್ಯಾಂಕಿನ ಗಾಜಿನ ಬಾಗಿಲಿಗೆ ಮೇಲೆ ಒಂದು ಡೋರ್ ಕ್ಲೋಸರ್ ಇರುತ್ತದಲ್ಲ, ಬಾಗಿಲು ಪಟಾರ್ ಅಂತ ಬಡಿಯದ ಹಾಗೆ ನಿಧಾನ ಮಾಡುವುದು, ಅದೇ ಕೆಲಸ. ಒಳಗೆ ಎಣ್ಣೆ, ಅದರೊಳಗೆ ಸಣ್ಣ ತೂತುಗಳಿರುವ ಪಿಸ್ಟನ್. ಎಣ್ಣೆ ತೂತಿನಲ್ಲಿ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ.

ಬಕೆಟ್ ನೀರಿನಲ್ಲಿ ಅಂಗೈ ನಿಧಾನವಾಗಿ ಆಡಿಸಿ, ಏನೂ ಅನ್ನಿಸುವುದಿಲ್ಲ. ಅದೇ ಅಂಗೈಯಿಂದ ಜೋರಾಗಿ ಬಾರಿಸಿ, ಚುರ್ ಅನ್ನುತ್ತದೆ. ಶಾಕ್ ಕೂಡ ಹಾಗೆಯೇ. ಅದರ ತಡೆ ವೇಗದ ಮೇಲೆ ನಿಂತಿದೆ. ತಿರುವಿನಲ್ಲಿ ಕಾರು ವಾಲುವುದು ನಿಧಾನದ ಚಲನೆ. ಗುಂಡಿಗೆ ಬೀಳುವುದು ವೇಗದ ಚಲನೆ. ಒಳ್ಳೆಯ ಶಾಕ್ ಮೊದಲನೆಯದರಲ್ಲಿ ಗಟ್ಟಿಯಾಗಿ ಹಿಡಿದು, ಎರಡನೆಯದರಲ್ಲಿ ಬಿಟ್ಟುಕೊಡುತ್ತದೆ. ಕಳಪೆ ಶಾಕ್ ಎರಡರಲ್ಲೂ ಒಂದೇ ಹಟ ಹಿಡಿಯುತ್ತದೆ. ನನ್ನ ಸೊಂಟ ಕೆಡಿಸಿದ್ದು ಈ ಎರಡನೇ ಜಾತಿ.

ಇನ್ನೊಂದು ವಿಷಯ. ಶಾಕ್ ಒತ್ತಿಕೊಳ್ಳುವಾಗ ಒಂದು ತಡೆ, ಹಿಗ್ಗುವಾಗ ಇನ್ನೊಂದು. ಹಿಗ್ಗುವುದಕ್ಕೆ ರೀಬೌಂಡ್ ಅನ್ನುತ್ತಾರೆ. ಒತ್ತಿಕೊಂಡ ಸ್ಪ್ರಿಂಗನ್ನು ಹದದಲ್ಲಿ ಬಿಡುವುದು ಇದರ ಕೆಲಸ. ರೀಬೌಂಡ್ ಅತಿ ಬಿಗಿಯಾದರೆ ಒಂದು ಗುಂಡಿ ಆದ ಮೇಲೆ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಗುಂಡಿ ಬರುತ್ತದೆ. ಹೀಗೆ ಸಾಲಾಗಿ ಬಂದರೆ ಕಾರು ತನ್ನಷ್ಟಕ್ಕೇ ಕುಸಿಯುತ್ತಾ ಹೋಗಿ ಕೊನೆಗೆ ರಬ್ಬರ್ ತಡೆಯ ಮೇಲೆ ಕೂರುತ್ತದೆ. ಓಡಿಸುವವನಿಗೆ "ಅಬ್ಬಾ ಎಷ್ಟು ಗಟ್ಟಿ" ಅನ್ನಿಸುತ್ತದೆ. ಅಸಲಿಗೆ ಚಕ್ರ ರಸ್ತೆಯನ್ನೇ ಬಿಟ್ಟಿರುತ್ತದೆ.

ಒಳಗಿನ ರಚನೆ ಎರಡು ಬಗೆ. ಟ್ವಿನ್ ಟ್ಯೂಬ್ ಅಂದರೆ ಕೊಳವೆಯೊಳಗೆ ಕೊಳವೆ, ಮೇಲೆ ಸ್ವಲ್ಪ ಗ್ಯಾಸ್. ಸವಾರಿ ಮೆತ್ತಗೆ, ಬೆಲೆ ಕಮ್ಮಿ, ಹೊರಕೊಳವೆಗೆ ಕಲ್ಲು ಬಡಿದು ಸಣ್ಣ ತಗ್ಗಾದರೂ ನಡೆಯುತ್ತದೆ. ಆದರೆ ತುಂಬಾ ಹೊತ್ತು ಜೋರಾಗಿ ಓಡಿಸಿದರೆ ಎಣ್ಣೆ ನೊರೆಯಾಗಿ ಹಿಡಿತ ಸಡಿಲವಾಗಬಹುದು. ಮೋನೋ ಟ್ಯೂಬಿನಲ್ಲಿ ಒಂದೇ ಕೊಳವೆ, ಎಣ್ಣೆಗೂ ಒತ್ತಡದ ಗ್ಯಾಸಿಗೂ ನಡುವೆ ಜಾರುವ ಒಂದು ಪಿಸ್ಟನ್. ನೊರೆ ಬರುವುದಿಲ್ಲ, ಶಾಖ ಬೇಗ ಹೊರಗೆ ಹೋಗುತ್ತದೆ. ಫ್ರಾನ್ಸಿನ ದ ಕಾರ್ಬೋನ್ ಅವರ ಈ ಉಪಾಯವನ್ನು ಬಿಲ್‌ಸ್ಟೈನ್ ಬೆಳೆಸಿತು, 1957ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಹಾಕಿತು. ಗ್ಯಾಸಿನ ಒತ್ತಡ ರಾಡನ್ನು ಹೊರಗೆ ತಳ್ಳುವುದರಿಂದ ಕಾರು ಒಂದು ಚೂರು ಎತ್ತರ ನಿಲ್ಲಬಹುದು. ಸಣ್ಣ ಸಣ್ಣ ಉಬ್ಬುಗಳೂ ಸ್ವಲ್ಪ ಜಾಸ್ತಿ ಗೊತ್ತಾಗುತ್ತವೆ.

ಹೆಜ್ಜೆ 4: ಮೊದಲು ಸ್ಪ್ರಿಂಗ್ ತೀರ್ಮಾನ ಮಾಡಿ

ಜನ ಮೊದಲು ಶಾಕ್ ಕೊಳ್ಳುತ್ತಾರೆ, ಆಮೇಲೆ ಸ್ಪ್ರಿಂಗ್ ಯೋಚಿಸುತ್ತಾರೆ. ಉಲ್ಟಾ. ಶಾಕ್ ಹಿಡಿಯಬೇಕಾದದ್ದು ಸ್ಪ್ರಿಂಗಿನ ಕುಣಿತವನ್ನು. ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಗೊತ್ತಿಲ್ಲದೆ ಶಾಕ್ ಆರಿಸುವುದು, ಕಾಲಿನ ಅಳತೆ ಇಲ್ಲದೆ ಚಪ್ಪಲಿ ಕೊಂಡ ಹಾಗೆ.

ಕಂಪನಿ ಸ್ಪ್ರಿಂಗ್ ಚೆನ್ನಾಗಿದ್ದು, ಕಾರು ರಸ್ತೆಗೆ ಮಾತ್ರ ಅಂದರೆ ಅದನ್ನೇ ಇಟ್ಟುಕೊಳ್ಳಿ. ನನ್ನ ಸ್ಪಷ್ಟ ಅಭಿಪ್ರಾಯ ಇದು. ಈ ಕಾರನ್ನು ರೂಪಿಸಿದ ತೋಶಿಹಿಕೊ ಹಿರಾಯ್ ಅವರ ತಂಡ ಇಟ್ಟುಕೊಂಡಿದ್ದ ಗುರಿ "ಜಿನ್‌ಬಾ ಇತ್ತಾಯ್", ಅಂದರೆ ಕುದುರೆಯೂ ಸವಾರನೂ ಒಂದೇ ಆಗುವುದು. ಆ ಕುದುರೆಯ ನಡಿಗೆಯ ಅರ್ಧ ಭಾಗ ಇರುವುದು ಮೆತ್ತನೆಯ ಸ್ಪ್ರಿಂಗಿನಲ್ಲಿ.

ತಗ್ಗಿಸುವ ಆಸೆ ಇದ್ದರೆ ಒಂದು ಲೆಕ್ಕ ಕೇಳಿ. ಈ ಕಾರಿನಲ್ಲಿ ಚಕ್ರ ಮೇಲಕ್ಕೆ ಹೋಗುವ ಜಾಗವೇ ಕಮ್ಮಿ. ಒಂದು ಇಂಚು ತಗ್ಗಿಸಿದರೆ ಆ ಜಾಗದಿಂದಲೇ ಒಂದು ಇಂಚು ಹೋಯಿತು. ಆದ್ದರಿಂದ ತಗ್ಗಿಸುವ ಸ್ಪ್ರಿಂಗ್ ಜೊತೆಗೆ ಸ್ವಲ್ಪ ಗಟ್ಟಿಯೂ ಇರಬೇಕು, ಅದನ್ನು ಹಿಡಿಯುವ ಶಾಕ್ ಇನ್ನೂ ಗಟ್ಟಿ. ಸ್ಪ್ರಿಂಗಿನ ಸುತ್ತನ್ನು ಕತ್ತರಿಸಿ ತಗ್ಗಿಸುವವರ ಹತ್ತಿರ ಮಾತೇ ಬೇಡ.

ಕಾಯಿಲೋವರ್ ಸೆಟ್ ನೋಡುವುದಾದರೆ ಸ್ಪ್ರಿಂಗಿನ ಅಂಕಿ ಓದಲು ಕಲಿಯಿರಿ. ಜಪಾನ್ ಶೈಲಿಯಲ್ಲಿ ಮಿಲಿಮೀಟರಿಗೆ ಇಷ್ಟು ಕೆಜಿ ಅಂತ ಬರೆಯುತ್ತಾರೆ, ಅಮೆರಿಕದಲ್ಲಿ ಇಂಚಿಗೆ ಇಷ್ಟು ಪೌಂಡ್. ಮಿಲಿಮೀಟರಿಗೆ 1 ಕೆಜಿ ಅಂದರೆ ಇಂಚಿಗೆ 56 ಪೌಂಡ್. ಮುಂದುಗಡೆ 8 ಕೆಜಿ ಅಂತಿದ್ದರೆ ಅದು 448 ಪೌಂಡ್, ಕಂಪನಿ ಸ್ಪ್ರಿಂಗಿನ ಎರಡು ಪಟ್ಟಿಗೂ ಜಾಸ್ತಿ. ರೇಸ್ ಟ್ರ್ಯಾಕಿನ ನುಣುಪು ಡಾಂಬರಿಗೆ ಸರಿ. ಝೇನ್ಸ್‌ವಿಲ್‌ನಿಂದ ದಕ್ಷಿಣಕ್ಕೆ ಬೆಟ್ಟಗಳ ನಡುವೆ ಹಾವಿನ ಹಾಗೆ ಹೋಗುವ ನಮ್ಮ 555ನೇ ರಸ್ತೆಗೆ, ಅಲ್ಲಿನ ತೇಪೆಗಳಿಗೆ, ಅಯ್ಯೋ ಬೇಡ.

ಹೆಜ್ಜೆ 5: ಯಾರ್ಯಾರು ಕಣದಲ್ಲಿದ್ದಾರೆ?

ಕೆವೈಬಿ ಎಕ್ಸೆಲ್-ಜಿ. ಜಪಾನಿನ ಕಯಾಬಾ ಕಂಪನಿಯ ಟ್ವಿನ್ ಟ್ಯೂಬ್ ಶಾಕ್. ಮೂಲ ಹಿಡಿತ ಮರಳಿಸಲೆಂದೇ ಮಾಡಿದ್ದು, ಪಟ್ಟಿಯಲ್ಲಿ ಅಗ್ಗದ್ದು. ಕಂಪನಿ ಸ್ಪ್ರಿಂಗ್ ಇದ್ದು, ಕಾರು ವಾರಕ್ಕೊಮ್ಮೆ ಐಸ್‌ಕ್ರೀಮ್ ತಿನ್ನಲು ಹೋಗುವುದಕ್ಕೆ ಮಾತ್ರ ಅಂದರೆ ಇದು ಸಾಕು. ತಗ್ಗಿಸಿದ ಸ್ಪ್ರಿಂಗಿಗೆ ಹಾಕಬೇಡಿ. ಇದೇ ಕಂಪನಿಯ ಎಜಿಎಕ್ಸ್ ಎಂಬ ಅಡ್ಜಸ್ಟ್ ಮಾಡುವ ಶಾಕ್ ಒಂದು ಕಾಲದಲ್ಲಿ ಮಿಯಾಟಾದವರಿಗೆ ಬಹಳ ಪ್ರಿಯ. ಈಗ ತಯಾರಾಗುತ್ತಿಲ್ಲ. ಹಳೆಯ ಸೆಟ್ ಯಾರಾದರೂ ಚಿನ್ನದ ಬೆಲೆಗೆ ಮಾರಲು ಬಂದರೆ ಕೈಮುಗಿದು ಬನ್ನಿ.

ಕೋನಿ ಎಸ್‌ಟಿಆರ್‌.ಟಿ. ಕಿತ್ತಳೆ ಬಣ್ಣ, ಅಡ್ಜಸ್ಟ್ ಇಲ್ಲ. ಕೆವೈಬಿಗಿಂತ ಒಂದು ಮೆಟ್ಟಿಲು ಮೇಲೆ. ತಲೆಕೆಡಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಒಳ್ಳೆಯ ನಡುದಾರಿ.

ಬಿಲ್‌ಸ್ಟೈನ್ ಬಿ6. ಮೋನೋ ಟ್ಯೂಬ್. ಹಾಕಿ ಮರೆತುಬಿಡಬಹುದು, ತಿರುಗಿಸಲು ಏನೂ ಇಲ್ಲ. ಸ್ವಲ್ಪ ಗಟ್ಟಿ ಸ್ಪ್ರಿಂಗಿನ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ವೇಗವಾಗಿ ಹೋದಷ್ಟೂ ಇದರ ಗುಣ ಗೊತ್ತಾಗುತ್ತದೆ. ಬೀದಿಯಲ್ಲಿ 25 ಮೈಲಿಯಲ್ಲಿ ಹೋಗುವಾಗ ಮಾತ್ರ ಸ್ವಲ್ಪ ಕಟಕಟ.

ಕೋನಿ ಸ್ಪೋರ್ಟ್. ಹಾಲೆಂಡಿನ ಕಂಪನಿ, ಹಳದಿ ಬಣ್ಣ, ರೀಬೌಂಡ್ ಮಾತ್ರ ತಿರುಗಿಸಿ ಬದಲಾಯಿಸಬಹುದು. ಒತ್ತಿಕೊಳ್ಳುವ ಕಡೆ ಹದವಾಗಿ ಮೆತ್ತಗೆ ಇಟ್ಟಿದ್ದಾರೆ. ಹಾಗಾಗಿ ಗುಂಡಿಯ ಪೆಟ್ಟು ಒರಟಾಗಿ ಬರುವುದಿಲ್ಲ. ನಾಳೆ ಸ್ಪ್ರಿಂಗ್ ಬದಲಾಯಿಸಿದರೂ ಅದಕ್ಕೆ ತಕ್ಕ ಹಾಗೆ ರೀಬೌಂಡ್ ಏರಿಸಿಕೊಳ್ಳಬಹುದು. ಕೈ ನಿಲ್ಲದವರಿಗೆ, ಅಂದರೆ ನನ್ನಂಥವರಿಗೆ, ಇದೇ ಸರಿ. ನಾನು ಹಾಕಿಕೊಂಡದ್ದೂ ಇದನ್ನೇ, ಕಂಪನಿ ಸ್ಪ್ರಿಂಗಿನ ಜೊತೆ.

ಇನ್ನು ಕಾಯಿಲೋವರ್. ಒಳ್ಳೆಯವು ನಿಜವಾಗಲೂ ಒಳ್ಳೆಯವು. ಅವುಗಳ ಬೆಲೆಯೂ ಹಾಗೆಯೇ, ಕೆಲವು ಹಳೆಯ ಮಿಯಾಟಾದ ಅರ್ಧ ಬೆಲೆಗೆ ಬರುತ್ತವೆ. ಅಗ್ಗದವುಗಳಲ್ಲಿ ನನಗೆ ನಂಬಿಕೆ ಇಲ್ಲ. "30 ಕ್ಲಿಕ್ ಅಡ್ಜಸ್ಟ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದೇ ಗುಬುಟು ತಿರುಗಿಸಿದರೆ ಒತ್ತುವುದೂ ಹಿಗ್ಗುವುದೂ ಒಟ್ಟಿಗೆ ಬಿಗಿಯಾಗುವ ಸೆಟ್‌ಗಳೂ ಇವೆ. ಒಂದು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಶಾಕ್ ಡೈನೋ ಗ್ರಾಫ್ ಇದೆಯಾ? ಯಂತ್ರಕ್ಕೆ ಹಾಕಿ ಯಾವ ವೇಗದಲ್ಲಿ ಎಷ್ಟು ತಡೆ ಅಂತ ಅಳೆದ ಗೆರೆಚಿತ್ರ ಅದು. ತೋರಿಸಿದರೆ ಮುಂದೆ ಮಾತಾಡಿ. ಬಣ್ಣದ ಫೋಟೋ ಮಾತ್ರ ಕಳಿಸಿದರೆ ಬಿಡಿ.

ಹೆಜ್ಜೆ 6: ಯಾರೂ ಹೇಳದ ಬಂಪ್ ಸ್ಟಾಪ್

ಮಿಯಾಟಾ ವಿಷಯದಲ್ಲಿ ಇದು ಶಾಕ್‌ನಷ್ಟೇ ಮುಖ್ಯ. ಶಾಕ್ ರಾಡಿನ ಮೇಲೆ ಸ್ಪಂಜಿನ ಹಾಗೆ ಒಂದು ತುಂಡು ಇರುತ್ತದೆ. ಶಾಕ್ ಪೂರ್ತಿ ಒತ್ತಿಕೊಂಡಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ತಡೆಯುವುದು ಇದರ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಚಕ್ರದ ಓಟ ಕಮ್ಮಿ ಇರುವ ಈ ಕಾರಿನಲ್ಲಿ ಅದು ಆಗಾಗ ಮುಟ್ಟುತ್ತಲೇ ಇರುತ್ತದೆ. ಜೋರಾದ ತಿರುವಿನಲ್ಲಿ ಹೊರಗಿನ ಚಕ್ರದ ಭಾರ ಹೊರುವುದರಲ್ಲೂ ಇದಕ್ಕೆ ಪಾಲಿದೆ. ಅಂದರೆ ಇದು ಎರಡನೇ ಸ್ಪ್ರಿಂಗ್ ಇದ್ದ ಹಾಗೆ.

ಮೂವತ್ತು ವರ್ಷ ಆದ ಮೇಲೆ ಈ ಸ್ಪಂಜು ಏನಾಗಿರುತ್ತದೆ? ನನ್ನ ಕಾರಿನ ಶಾಕ್ ಬಿಚ್ಚಿದಾಗ ಎರಡು ಕಡೆ ಬರೀ ಪುಡಿ ಇತ್ತು, ಹಳೆಯ ರವೆ ಉಂಡೆ ಉದುರಿದ ಹಾಗೆ. ಹೊಸ ಶಾಕ್ ಹಾಕಿ ಈ ಪುಡಿಯನ್ನು ಹಾಗೇ ಬಿಟ್ಟರೆ ಮೊದಲ ದೊಡ್ಡ ಗುಂಡಿಯಲ್ಲೇ ಹೊಸ ಶಾಕ್‌ಗೆ ನೇರ ಏಟು. ಆದ್ದರಿಂದ ಹೊಸ ಬಂಪ್ ಸ್ಟಾಪ್, ಧೂಳು ತಡೆಯುವ ರಬ್ಬರ್ ಚೀಲ, ಮೇಲಿನ ರಬ್ಬರ್ ಬುಷ್ ಇವೆಲ್ಲ ಅದೇ ಆರ್ಡರಿನಲ್ಲಿ ಇರಲಿ. ಸ್ಪ್ರಿಂಗ್ ತಗ್ಗಿಸಿದ್ದರೆ ಗಿಡ್ಡ ಬಂಪ್ ಸ್ಟಾಪ್ ಬೇಕು. ಉದ್ದದ್ದೇ ಹಾಕಿದರೆ ಕಾರು ನಿಂತಲ್ಲೇ ಅದರ ಮೇಲೆ ಕೂತಿರುತ್ತದೆ. ಹಾಗಾದಾಗ ಪಾಪ, ಶಾಕನ್ನು ಬೈಯುತ್ತೇವೆ.

ಎನ್‌ಎ ಇಟ್ಟುಕೊಂಡವರಿಗೆ ಒಂದು ಹಳೆಯ ಗುಟ್ಟು. ಶಾಕ್‌ನ ತಲೆಯ ಮೇಲೆ ಕೂರುವ ಟೋಪಿಯಂಥ ಮೌಂಟ್, ಎನ್‌ಬಿಯದು ಬೇರೆ ಥರ. ಅದರಲ್ಲಿ ಬಂಪ್ ಸ್ಟಾಪ್ ಇನ್ನೂ ಮೇಲೆ ಒಳಗೆ ಕೂರುತ್ತದೆ, ಚಕ್ರಕ್ಕೆ ಮೇಲಕ್ಕೆ ಹೋಗಲು ಹೆಚ್ಚು ಜಾಗ ಸಿಗುತ್ತದೆ. ಎನ್‌ಬಿ ಮೌಂಟ್ ಎನ್‌ಎ ಕಾರಿಗೆ ಕೂರುತ್ತದೆ. ಅದರ ಜೊತೆಗೆ ಎನ್‌ಬಿಯ ಸ್ಪ್ರಿಂಗ್ ಕೂರುವ ರಬ್ಬರನ್ನೂ ತರಿಸಿ. ವಾಷರ್, ಬುಷ್ ಕೂರಿಸುವ ಕ್ರಮ ಬೇರೆ, ಚಿತ್ರ ನೋಡಿಕೊಂಡೇ ಜೋಡಿಸಿ. ಹೆಚ್ಚು ಖರ್ಚಿಲ್ಲದೆ ನಾನು ಮಾಡಿದ ಕೆಲಸಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ.

ಹೆಜ್ಜೆ 7: ಕೊಳ್ಳುವಾಗ

ನಾಲ್ಕೂ ಒಟ್ಟಿಗೆ ಕೊಳ್ಳಿ. ದುಡ್ಡಿಗೆ ಕಷ್ಟ ಅಂದರೆ ಕಡೇ ಪಕ್ಷ ಮುಂದಿನದೋ ಹಿಂದಿನದೋ ಜೋಡಿಯಾಗಿ. ಒಂದೇ ಒಂದು ಮಾತ್ರ ಬೇಡ. ಪಾರ್ಟ್ ನಂಬರನ್ನು ಕಾರಿನ ವರ್ಷದ ಜೊತೆ ತಾಳೆ ನೋಡಿ, ಡಬ್ಬಿ ಬಂದ ಮೇಲೆ ಮತ್ತೊಮ್ಮೆ ನೋಡಿ. ನನಗೊಮ್ಮೆ ನಾಲ್ಕೂ ಹಿಂದಿನ ಶಾಕ್ ಕಳಿಸಿದ್ದರು.

ಹಳೆಯ ಶಾಕ್ ಸಸ್ತಾಗಿ ಸಿಕ್ಕಿದರೆ? ರಾಡಿನ ಮೇಲೆ ಗೀರು ಇದ್ದರೆ ಬೇಡ. ನೆಟ್ಟಗೆ ಹಿಡಿದು ಕೈಯಿಂದ ನಿಧಾನವಾಗಿ ಒತ್ತಿ ಎಳೆಯಿರಿ. ನಡುವೆ ಎಲ್ಲಾದರೂ ತಡೆಯೇ ಇಲ್ಲದೆ ಸರ್ ಅಂತ ಜಾರಿದರೆ ಅದು ಮುಗಿದ ಕಥೆ.

ಹೆಜ್ಜೆ 8: ಹಾಕುವಾಗ ಕೆಡಿಸಬೇಡಿ

ಹೇಗೆ ಬಿಚ್ಚುವುದು ಅಂತ ಇಲ್ಲಿ ಪೂರ್ತಿ ಹೇಳುವುದಿಲ್ಲ, ಅದಕ್ಕೆ ಕಂಪನಿ ಮ್ಯಾನ್ಯುಯಲ್ ಇದೆ. ಜನ ತಪ್ಪುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ತುಕ್ಕಿನ ಊರಾದರೆ ಒಂದು ವಾರ ಮೊದಲಿಂದ ದಿನಾ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಮುಂದುಗಡೆ ಮೇಲಿನ ಆರ್ಮಿನ ಉದ್ದ ಬೋಲ್ಟ್ ಎಳೆದರೆ ಶಾಕ್ ಹೊರಗೆ ಬರಲು ಜಾಗ ಆಗುತ್ತದೆ. ಆ ಬೋಲ್ಟ್ ಹಟ ಹಿಡಿದರೆ ಇಡೀ ಭಾನುವಾರ ಹೋಗುತ್ತದೆ. ಹಿಂದಿನ ಶಾಕ್‌ನ ಮೇಲಿನ ನಟ್ಟುಗಳು ಡಿಕ್ಕಿಯ ಕಾರ್ಪೆಟ್ ಹಿಂದೆ ಇರುತ್ತವೆ. ಬ್ಯಾಟರಿಯೂ ಅಲ್ಲೇ ಬಲಗಡೆ ಇದೆ, ಸ್ಪ್ಯಾನರ್ ತಾಗಿಸಿ ಕಿಡಿ ಹಾರಿಸಬೇಡಿ.

ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಸ್ಪ್ರಿಂಗ್ ಕಂಪ್ರೆಸರನ್ನು ಎದುರುಬದುರಾಗಿ ಹಾಕಿ, ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒತ್ತಿದ ಸ್ಪ್ರಿಂಗಿನ ಎದುರು ಮುಖ ಇಟ್ಟು ಕೂರಬೇಡಿ. ಧೈರ್ಯ ಸಾಲದಿದ್ದರೆ ಸ್ಪ್ರಿಂಗ್ ಶಾಕ್ ಎರಡನ್ನೂ ಮೆಕ್ಯಾನಿಕ್ ಹತ್ತಿರ ಒಯ್ದು ಅಷ್ಟನ್ನು ಮಾತ್ರ ಮಾಡಿಸಿಕೊಳ್ಳಿ.

ಟ್ವಿನ್ ಟ್ಯೂಬ್ ಶಾಕ್ ಡಬ್ಬಿಯಲ್ಲಿ ಅಡ್ಡ ಮಲಗಿ ಬಂದಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಬಿಡಿ, ಒಳಗೆ ಸೇರಿದ ಗ್ಯಾಸ್ ತನ್ನ ಜಾಗಕ್ಕೆ ಹೋಗಲಿ. ಮೇಲಿನ ನಟ್ ಬಿಗಿ ಮಾಡುವಾಗ ರಾಡ್ ಸುತ್ತುತ್ತದೆ ಅಂತ ಅದನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಆ ಹೊಳೆಯುವ ರಾಡಿನ ಮೇಲೆ ಒಂದು ಗೀರು ಬಿದ್ದರೆ ಎಣ್ಣೆ ಸೀಲನ್ನು ಅದು ದಿನಾ ಕೊಯ್ಯುತ್ತದೆ.

ಕೊನೆಗೆ ತುಂಬಾ ಜನ ಮರೆಯುವ ಕೆಲಸ. ಆರ್ಮಿನ ಬುಷ್ ಬೋಲ್ಟುಗಳನ್ನು, ಶಾಕ್‌ನ ಕೆಳಗಿನ ಬೋಲ್ಟನ್ನು ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರು ತನ್ನ ಭಾರದಲ್ಲಿ ನಿಂತ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹೆಜ್ಜೆ 9: ಆಮೇಲಿನ ಹದ

ನೂರು ಮೈಲಿ ಓಡಿಸಿ. ನಟ್ಟುಗಳನ್ನು ಮತ್ತೆ ನೋಡಿ, ಮೊದಲು ಬರೆದಿಟ್ಟ ನಾಲ್ಕು ಮೂಲೆಯ ಎತ್ತರ ಮತ್ತೆ ಅಳೆಯಿರಿ. ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಮಾಡಿಸುವುದು. ಕೆಳಗಿನ ಆರ್ಮಿನ ಅಡ್ಜಸ್ಟ್ ಬೋಲ್ಟುಗಳು ಈ ವಯಸ್ಸಿಗೆ ತುಕ್ಕು ಹಿಡಿದು ಒಂದಾಗಿರುತ್ತವೆ. ನಾನು ಹೋದ ಮೊದಲ ಅಂಗಡಿಯಲ್ಲಿ "ತಿರುಗಲ್ಲ ಸರ್" ಅಂತ ಹೇಳಿ ಪೂರ್ತಿ ದುಡ್ಡು ತೆಗೆದುಕೊಂಡು ಕಳಿಸಿದರು. ಹೋಗುವ ಮೊದಲೇ ಬೋಲ್ಟ್ ತಿರುಗುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ.

ಕೋನಿ ಹಾಕಿದ್ದರೆ ಪೂರ್ತಿ ಮೆತ್ತಗೆ ಇಟ್ಟು ಶುರುಮಾಡಿ. ಗೊತ್ತಿರುವ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗಿ. ಕಾರು ಉಬ್ಬು ದಾಟಿದ ಮೇಲೆ ಎರಡನೇ ಸಲ ತೂಗಿದರೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಹೋಗಿ. ತೂಗುವುದು ನಿಂತ ಕೂಡಲೇ ನೀವೂ ನಿಲ್ಲಿಸಿ. ಅಲ್ಲಿಂದ ಮುಂದೆ ಬಿಗಿ ಮಾಡಿದ್ದೆಲ್ಲ ಸುಮ್ನೆ ಸೊಂಟಕ್ಕೆ ಸಾಲ. ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ನಾನು 555ರಲ್ಲಿ ಎರಡು ಶನಿವಾರ ಓಡಾಡಿ ಹದ ಕಂಡುಕೊಂಡೆ. ಮರೆಯಬಾರದು ಅಂತ ಬಾನೆಟ್ ಒಳಗೆ ಪೇಪರ್ ಟೇಪ್ ಅಂಟಿಸಿ ಬರೆದಿದ್ದೇನೆ: ಮುಂದೆ ಮುಕ್ಕಾಲು ಸುತ್ತು, ಹಿಂದೆ ಅರ್ಧ, ಗಾಳಿ 27. ಹೆಂಡತಿ ಹೋದ ಭಾನುವಾರ ಪಕ್ಕದಲ್ಲಿ ಕೂತು ಬಂದಳು. ಅರ್ಧ ದಾರಿಗೆ ನಿದ್ದೆ ಹೋಗಿದ್ದಳು.